ಇಟಲಿಯ ಕೋಟೆಯೂರಲ್ಲಿ ಎರಡು ರಾತ್ರಿ: ಐದರಲ್ಲಿ ಯಾವುದು?

ಹಾಸನದಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. ಚಿಕ್ಕಪ್ಪ ನಿವೃತ್ತರಾದ ಮೇಲೆ ಇಬ್ಬರೂ ಮೊದಲ ಸಲ ಇಟಲಿಗೆ ಹೊರಟಿದ್ದಾರೆ. ರೋಮ್, ಫ್ಲಾರೆನ್ಸ್ ಮುಗಿಸಿ ಮಿಲಾನಿನಲ್ಲಿ ವಿಮಾನ ಹತ್ತುವುದರೊಳಗೆ ಎರಡು ರಾತ್ರಿ ಮಿಗುತ್ತದೆ. “ದೊಡ್ಡ ಊರುಗಳು ಸಾಕು ಕಣೇ. ಕೋಟೆ ಒಳಗೆ ಜನ ಇನ್ನೂ ಬಾಳ್ತಿರೋ ಹಳೇ ಊರು ಒಂದಿದ್ರೆ ಹೇಳು. ನಿನ್ನ ಚಿಕ್ಕಪ್ಪನ ಮಂಡಿ ನೆನಪಿಟ್ಕೊಂಡು ಹೇಳು” ಅಂದರು. ಇಬ್ಬರೂ ಮಾಂಸ ತಿನ್ನುವುದಿಲ್ಲ. ಪರದೇಶದಲ್ಲಿ ಕಾರು ಓಡಿಸುವ ಮನಸ್ಸೂ ಅವರಿಗಿಲ್ಲ.

ನಾನು ಲುಕ್ಕಾ ಎಂದೆ. ಫೋನ್ ಇಟ್ಟ ಮೇಲೆ ಯೋಚನೆ ಹತ್ತಿತು. ಮಿಲಾನಿಗೆ ಹತ್ತಿರದ್ದು ಬೆರ್ಗಾಮೊ. ಫೋಟೋಗಳಲ್ಲಿ ಎಲ್ಲರೂ ಕಂಡಿರುವುದು ಸಾನ್ ಜಿಮಿನ್ಯಾನೋ. ಗೋಡೆಯೇ ನೋಡಬೇಕೆಂದರೆ ಚಿತ್ತದೆಲ್ಲಾದಷ್ಟು ಅಚ್ಚುಕಟ್ಟಾದ ಗೋಡೆ ಇನ್ನೊಂದಿಲ್ಲ. ಅಂಗೈಯಗಲದ ಮೊಂತೆರಿಜ್ಜೋನಿಯನ್ನು ಕಂಡು ಮನಸೋಲದವರನ್ನು ನಾನು ನೋಡಿಲ್ಲ. ಹಾಗಿದ್ದೂ ಲುಕ್ಕಾ ಯಾಕೆ, ಮತ್ತು ಯಾರಿಗೆ ಲುಕ್ಕಾ ಬೇಡ ಎಂಬುದನ್ನು ಬಿಡಿಸಿ ಬರೆದರೆ ಇನ್ನೂ ನಾಲ್ಕು ಜನಕ್ಕೆ ಉಪಯೋಗವಾಗಬಹುದು ಅನ್ನಿಸಿತು.

ಮೊದಲು ಗೋಡೆಯ ವಯಸ್ಸು ಕೇಳಿ

ಕೋಟೆಯೂರು ಆರಿಸುವಾಗ ನಾನು ಮೊದಲು ನೋಡುವುದು ಗೋಡೆ ಫಿರಂಗಿಗಿಂತ ಹಿಂದಿನದೋ ಮುಂದಿನದೋ ಎಂದು. ಇದು ಇತಿಹಾಸದ ಪಾಠದಂತೆ ಕೇಳಿಸಬಹುದು. ಆದರೆ ನಿಮ್ಮ ಮಂಡಿ, ನಿಮ್ಮ ಸಂಜೆ ಎರಡೂ ಇದರ ಮೇಲೆಯೇ ನಿಂತಿವೆ.

13ನೇ ಶತಮಾನದ ಗೋಡೆ ಎತ್ತರ, ತೆಳ್ಳಗೆ, ನೆಟ್ಟಗೆ ನಿಂತಿರುತ್ತದೆ. ಆಗ ಗೋಡೆ ತಡೆಯಬೇಕಾಗಿದ್ದದ್ದು ಬಾಣವನ್ನು, ಏಣಿಯನ್ನು. ಮೇಲೆ ಒಬ್ಬ ಕಾವಲಿನವನು ಓಡಾಡುವಷ್ಟು ಅಗಲದ ಹಾದಿ ಇದ್ದರೆ ಸಾಕಿತ್ತು. ಮೊಂತೆರಿಜ್ಜೋನಿ, ಚಿತ್ತದೆಲ್ಲಾ, ಸಾನ್ ಜಿಮಿನ್ಯಾನೋ ಮೂರೂ ಈ ಕಾಲದವು. 1494ರಲ್ಲಿ ಫ್ರಾನ್ಸಿನ ದೊರೆ ಎಂಟನೇ ಚಾರ್ಲ್ಸ್ ಗಾಡಿಗಳ ಮೇಲೆ ಕಂಚಿನ ಫಿರಂಗಿಗಳನ್ನು ಹೇರಿಕೊಂಡು ಇಟಲಿಗೆ ಇಳಿದಾಗ ಅಂಥ ಗೋಡೆಗಳು ನಿಲ್ಲಲಾರವು ಎಂದು ಎಲ್ಲರಿಗೂ ಗೊತ್ತಾಯಿತು. ಅಲ್ಲಿಂದ ಮುಂದೆ ಕಟ್ಟಿದವು ತಗ್ಗು, ದಪ್ಪ. ಹೊರಗೆ ಇಟ್ಟಿಗೆ ಅಥವಾ ಕಲ್ಲು, ಒಳಗೆ ಗುಂಡಿನ ಪೆಟ್ಟನ್ನು ನುಂಗುವ ಮಣ್ಣು. ಮೂಲೆ ಮೂಲೆಗೂ ಹೊರಚಾಚಿದ ಕೊತ್ತಲ. ಲುಕ್ಕಾ ಮತ್ತು ಬೆರ್ಗಾಮೊ ಈ ಎರಡನೆಯ ಬಗೆ.

ಹಾಗಾಗಿ ಮೊದಲ ಬಗೆಯ ಗೋಡೆ ಹತ್ತಲು ಕಡಿದಾದ ಮೆಟ್ಟಿಲುಂಟು, ಟಿಕೆಟ್ ಉಂಟು, ಮುಚ್ಚುವ ಹೊತ್ತೂ ಉಂಟು. ಹತ್ತಿ, ನೋಡಿ, ಇಳಿಯುತ್ತೀರಿ. ಎರಡನೆಯ ಬಗೆಯ ಗೋಡೆಯ ನೆತ್ತಿ ಒಂದು ರಸ್ತೆಯಷ್ಟು ಅಗಲ. ಯುದ್ಧದ ಭಯ ಹೋದ ಮೇಲೆ ಜನ ಅದನ್ನು ಬೀದಿಯಾಗಿ, ಉದ್ಯಾನವಾಗಿ ಬಳಸಿಕೊಂಡರು. ಬೆಳಗ್ಗೆ ಆರಕ್ಕೂ ರಾತ್ರಿ ಹತ್ತಕ್ಕೂ ಅಲ್ಲಿ ನಡೆಯಬಹುದು, ಕಾಸು ಕೊಡಬೇಕಿಲ್ಲ. ಒಂದು ಮಧ್ಯಾಹ್ನಕ್ಕೆ ಹೋಗುವವರಿಗೆ ಮೊದಲನೆಯ ಬಗೆ ರೋಮಾಂಚನ ಕೊಡುತ್ತದೆ. ಎರಡು ದಿನ ಇರುವವರಿಗೆ ಎರಡನೆಯದೇ ವಾಸಿ.

ಲುಕ್ಕಾ: ಕೆರೆ ಏರಿಯಂಥ ಗೋಡೆ

ಲುಕ್ಕಾದ ಗೋಡೆಯ ಮೇಲೆ ಮೊದಲ ಸಲ ನಿಂತಾಗ ನನಗೆ ಕೋಟೆಯ ನೆನಪೇ ಬರಲಿಲ್ಲ, ನಮ್ಮೂರ ಕೆರೆಯ ಏರಿ ನೆನಪಾಯಿತು. ಎರಡೂ ಕಡೆ ದೊಡ್ಡ ಮರಗಳು, ನಡುವೆ ಅಗಲವಾದ ಹಾದಿ, ಒಂದು ಬದಿಯಲ್ಲಿ ಊರಿನ ಹೆಂಚುಗಳು, ಇನ್ನೊಂದು ಬದಿಯಲ್ಲಿ ಇಳಿಜಾರು ಹುಲ್ಲು. ಅಜ್ಜಂದಿರು ಕಲ್ಲುಬೆಂಚಿನ ಮೇಲೆ ಕೂತಿದ್ದರು. ಶಾಲೆ ಬಿಟ್ಟ ಮಕ್ಕಳು ಸೈಕಲ್ ತುಳಿಯುತ್ತಿದ್ದರು. ಪೂರ್ತಿ ಸುತ್ತು ಸುಮಾರು 4.2 ಕಿಲೋಮೀಟರ್, ಗೋಡೆಯ ಎತ್ತರ ಸುಮಾರು 12 ಮೀಟರ್, ಬುಡದ ದಪ್ಪ ಸುಮಾರು 30 ಮೀಟರ್. 16ನೇ ಶತಮಾನದ ಮೊದಲಲ್ಲಿ ಶುರುವಾದ ಕೆಲಸ ಮುಗಿಯುವ ಹೊತ್ತಿಗೆ 17ನೇ ಶತಮಾನ ಅರ್ಧ ಕಳೆದಿತ್ತು. ಪಕ್ಕದ ಫ್ಲಾರೆನ್ಸ್ ಎಂದು ನುಂಗಿಹಾಕುತ್ತದೋ ಎಂಬ ಹೆದರಿಕೆಯಲ್ಲಿ ಈ ಪುಟ್ಟ ಗಣರಾಜ್ಯ ಅಷ್ಟು ಕಾಲ, ಅಷ್ಟು ಹಣ ಸುರಿಯಿತು. ಆದರೆ ಈ ಗೋಡೆಗೆ ಒಂದು ಮುತ್ತಿಗೆಯನ್ನೂ ಎದುರಿಸುವ ಪ್ರಸಂಗ ಬರಲಿಲ್ಲ.

ಬಂದದ್ದು ನೀರು. 1812ರ ನವೆಂಬರಿನಲ್ಲಿ ಸೆರ್ಕಿಯೊ ನದಿ ಉಕ್ಕಿ ಸುತ್ತಲಿನ ಬಯಲನ್ನೆಲ್ಲ ಮುಳುಗಿಸಿತು. ಊರಿನವರು ಹೆಬ್ಬಾಗಿಲುಗಳನ್ನು ಮುಚ್ಚಿದರು. ನೀರು ಗೋಡೆಯ ಹೊರಗೇ ನಿಂತಿತು. ಆಗ ಲುಕ್ಕಾವನ್ನು ಆಳುತ್ತಿದ್ದವಳು ನೆಪೋಲಿಯನ್ನನ ತಂಗಿ ಎಲಿಸಾ. ಹೊರಗಿದ್ದ ಆಕೆ ಬಂದಾಗ ಬಾಗಿಲು ತೆರೆಯಲಾಗದೆ ಕಲ್ಲೆತ್ತುವ ಯಂತ್ರದಿಂದ ಗೋಡೆಯ ಮೇಲಕ್ಕೆ ಎತ್ತಿಕೊಂಡರು ಎಂದು ಊರಿನವರು ಇಂದಿಗೂ ಕಥೆ ಹೇಳುತ್ತಾರೆ. ಫಿರಂಗಿಗೆಂದು ಕಟ್ಟಿದ ಮಣ್ಣಿನ ಒಡ್ಡು ನಿಜಕ್ಕೂ ಏರಿಯ ಕೆಲಸವನ್ನೇ ಮಾಡಿತ್ತು. ಇದನ್ನು ಓದಿಕೊಂಡ ಮೇಲೆ ನನ್ನ ಮೊದಲ ಅನಿಸಿಕೆ ಸುಳ್ಳಲ್ಲ ಎಂದು ಖುಷಿಯಾಯಿತು.

ಚಿಕ್ಕಪ್ಪನಂಥವರಿಗೆ ಈ ಗೋಡೆ ಹೇಳಿ ಮಾಡಿಸಿದ್ದು. ಒಮ್ಮೆ ಇಳಿಜಾರಿನಲ್ಲಿ ನಿಧಾನಕ್ಕೆ ಮೇಲೆ ಬಂದರೆ ಮುಂದೆಲ್ಲ ಸಮತಟ್ಟು. ಸುಸ್ತಾದ ಕಡೆ ಕೂರಬಹುದು, ಸಾಕೆನಿಸಿದ ಕಡೆ ಇಳಿಯಬಹುದು. ಹುಷಾರಿರುವವರು ಸೈಕಲ್ ಬಾಡಿಗೆಗೆ ಹಿಡಿದರೆ ಅರ್ಧ ಗಂಟೆಯಲ್ಲಿ ಒಂದು ಸುತ್ತು. ಆದರೆ ನಡೆದರೇ ಚೆಂದ ಎಂಬುದು ನನ್ನ ಅನುಭವ. ಗೋಡೆಯ ಮೇಲಿಂದ ಮನೆಗಳ ಹಿತ್ತಲು ಕಾಣುತ್ತದೆ, ಒಣಹಾಕಿದ ಬಟ್ಟೆ, ನಿಂಬೆ ಗಿಡದ ಕುಂಡ ಕಾಣುತ್ತದೆ. ಅರಮನೆಗಳ ಮುಂಬಾಗಿಲನ್ನು ಎಲ್ಲ ಊರಿನಲ್ಲೂ ನೋಡಬಹುದು. ಹಿತ್ತಲು ತೋರಿಸುವ ಊರು ಅಪರೂಪ.

ಗೋಡೆಯೊಳಗಿನ ಊರೂ ಸಮತಟ್ಟೇ. ನಡುವೆ ಅಂಫಿತೆಯಾತ್ರೊ ಎಂಬ ಮೊಟ್ಟೆಯಾಕಾರದ ಚೌಕವಿದೆ. ರೋಮನ್ನರ ರಂಗಸ್ಥಳ ಪಾಳುಬಿದ್ದ ಮೇಲೆ ಅದರ ಕಲ್ಲಿನ ಕಮಾನುಗಳಿಗೇ ಆತು ಜನ ಮನೆ ಕಟ್ಟಿಕೊಂಡರು. 1830ರಲ್ಲಿ ಲೊರೆಂಜೊ ನೊತ್ತೊಲೀನಿ ಎಂಬ ವಾಸ್ತುಶಿಲ್ಪಿ ಒಳಗಿನ ಕಟ್ಟಡಗಳನ್ನು ತೆಗೆಸಿ ಅದನ್ನು ಮಾರುಕಟ್ಟೆಯ ಬಯಲು ಮಾಡಿದ. ಇಂದು ಅಲ್ಲಿ ಕಾಫಿ ಕುಡಿಯುತ್ತ ಕೂತರೆ ಸುತ್ತ ದುಂಡಗೆ ಬಾಗಿದ ಮನೆಗಳ ಸಾಲು. ಅದರ ಆಕಾರ ರೋಮನ್ನರದು, ಹಸಿರು ಕಿಟಕಿಗಳು ಈಗಿನವರವು. ಸಾನ್ ಮಿಕೇಲೆ ಚರ್ಚಿನ ಮುಂಭಾಗವನ್ನು ಬಿಡದೆ ನೋಡಿ. ಹಿಂದಿನ ಕಟ್ಟಡಕ್ಕಿಂತ ಎಷ್ಟೋ ಎತ್ತರಕ್ಕೆ ಬರೀ ಮುಖ ಮಾತ್ರ ಎದ್ದಿದೆ. ಅದರ ಕಂಬಗಳು ಒಂದರಂತೆ ಒಂದಿಲ್ಲ.

ದೊಡ್ಡ ಚರ್ಚು ಸಾನ್ ಮಾರ್ತೀನೊದಲ್ಲಿ ಇಲಾರಿಯಾಳ ಸಮಾಧಿ ಇದೆ. ಊರನ್ನು ಆಳುತ್ತಿದ್ದ ಪಾವೊಲೊ ಗ್ವಿನೀಜಿಯ ಎರಡನೆಯ ಹೆಂಡತಿ ಆಕೆ, 1405ರಲ್ಲಿ ಹೆರಿಗೆಯಾದ ಮೇಲೆ ತೀರಿಕೊಂಡಳು. ಶಿಲ್ಪಿ ಯಾಕೊಪೊ ದೆಲ್ಲಾ ಕ್ವೆರ್ಚಾ ಅವಳನ್ನು ಮಲಗಿ ನಿದ್ದೆಹೋದವಳಂತೆ ಕಡೆದಿದ್ದಾನೆ. ಕಾಲ ಬಳಿ ಅವಳ ನಾಯಿ ಮುಖ ಎತ್ತಿ ನೋಡುತ್ತಿದೆ. ಅಮ್ಮನನ್ನು ಒಮ್ಮೆ ಇಲ್ಲಿಗೆ ಕರೆದುಕೊಂಡು ಹೋಗಿದ್ದೆ. ಚರ್ಚು, ಚಿತ್ರಗಳಲ್ಲಿ ಹೆಚ್ಚು ಆಸಕ್ತಿ ತೋರದ ಅಮ್ಮ ಈ ಸಮಾಧಿಯ ಮುಂದೆ ಬಹಳ ಹೊತ್ತು ನಿಂತರು. “ಬಾಣಂತಿ ಅಲ್ವಾ ಪಾಪ” ಎಂದಷ್ಟೇ ಅಂದರು.

ಅದೇ ಗ್ವಿನೀಜಿ ಮನೆತನದ ಗೋಪುರ ಊರಿನ ಗುರುತು. ಸುಮಾರು 45 ಮೀಟರ್ ಎತ್ತರದ ನೆತ್ತಿಯ ಮೇಲೆ ಓಕ್ ಮರಗಳು ಬೆಳೆದಿವೆ. 230 ಮೆಟ್ಟಿಲು ಹತ್ತಬೇಕು. ಮಂಡಿ ನೋವಿದ್ದವರು ಕೆಳಗಿನ ಬೀದಿಯಿಂದ ನೋಡಿದರೆ ಸಾಕು, ಕಳಕೊಂಡದ್ದೇನಿಲ್ಲ. ಸಾನ್ ಫ್ರೆದಿಯಾನೊ ಚರ್ಚಿನಲ್ಲಿ ಸಾಂತಾ ಜೀತಾಳ ದೇಹವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಈಕೆ ಮನೆಗೆಲಸದವಳಾಗಿ ಬದುಕಿ ಮನೆಗೆಲಸದವರ ಸಂತಳಾದವಳು. ಏಪ್ರಿಲ್ 27ರ ಅವಳ ಹಬ್ಬದ ಸುಮಾರಿಗೆ ಊರಲ್ಲಿ ಹೂವಿನ ಸಂತೆ ನೆರೆಯುತ್ತದೆ. ಸಂಗೀತ ಪ್ರಿಯರಿಗೆ ಇನ್ನೊಂದು ಕಾರಣವುಂಟು. ಒಪೆರಾ ರಚಿಸಿದ ಪುಚ್ಚೀನಿ 1858ರಲ್ಲಿ ಹುಟ್ಟಿದ್ದು ಇಲ್ಲಿ. ಆ ಮನೆ ಈಗ ವಸ್ತುಸಂಗ್ರಹಾಲಯ.

ಲುಕ್ಕಾ ಯಾರಿಗೆ ಬೇಡ? ಬೆಟ್ಟದ ಮೇಲೆ ಗೋಪುರಗಳ ಸಾಲು, ಕೆಳಗೆ ದ್ರಾಕ್ಷಿತೋಟ ಎಂಬ ಟಸ್ಕನಿ ಸೀಮೆಯ ಚಿತ್ರ ಹೊತ್ತು ಬಂದವರಿಗೆ ಇಲ್ಲಿ ನಿರಾಸೆಯಾಗುತ್ತದೆ. ಬಯಲು ಸೀಮೆಯ ಊರಿದು, ದೂರಕ್ಕೆ ಗುಡ್ಡಗಳಿವೆ ಅಷ್ಟೇ. ರೈಲು ಬರುವಾಗ ಗೋಡೆ ಕಣ್ಣಿಗೆ ಬೀಳುವುದೂ ಇಲ್ಲ, ಹತ್ತಿರ ಹೋದರೂ ಮೊದಲು ಕಾಣುವುದು ಹುಲ್ಲಿನ ದಿಬ್ಬ ಮತ್ತು ಮರಗಳು.

ಸಾನ್ ಜಿಮಿನ್ಯಾನೋ: ಸಂಜೆ ಐದರ ಮೇಲಿನ ಊರು

ಮೇಲೆ ಹೇಳಿದ ಟಸ್ಕನಿಯ ಚಿತ್ರ ಬೇಕಿದ್ದವರು ಇಲ್ಲಿಗೆ ಬರಬೇಕು. ಒಂದು ಕಾಲಕ್ಕೆ 72 ಗೋಪುರಗಳಿದ್ದವು ಎನ್ನುತ್ತಾರೆ, ಈಗ 14 ಉಳಿದಿವೆ. ರೋಮಿಗೆ ನಡೆದುಹೋಗುವ ಯಾತ್ರಿಕರ ಹಾದಿಯಲ್ಲಿದ್ದ ಊರು, ಕೇಸರಿಯ ವ್ಯಾಪಾರದಿಂದ ಬೆಳೆದದ್ದು. ಸಿರಿವಂತ ಮನೆತನಗಳು ಜಿದ್ದಿಗೆ ಬಿದ್ದು ಗೋಪುರ ಎಬ್ಬಿಸಿದವು. 1348ರ ಪ್ಲೇಗ್ ಊರನ್ನು ಮುರಿಯಿತು. 1353ರಲ್ಲಿ ಫ್ಲಾರೆನ್ಸಿನ ಕೈಗೆ ಹೋಯಿತು. ಆಮೇಲೆ ಬಡತನ. ಹಳೆಯದನ್ನು ಕೆಡವಿ ಹೊಸದು ಕಟ್ಟಲು ಯಾರ ಬಳಿಯೂ ಹಣವಿರಲಿಲ್ಲ, ಹಾಗಾಗಿ ಗೋಪುರಗಳು ನಿಂತೇ ಉಳಿದವು. ಇವತ್ತು ನಾವು ನೋಡಲು ಹೋಗುವ ಅಂದದ ಹಿಂದೆ ಆ ಕಷ್ಟ ಇದೆ ಎಂಬುದನ್ನು ಅಲ್ಲಿ ನಡೆಯುವಾಗ ನಾನು ಮರೆಯಲಾರೆ. 1990ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಹಗಲು ಹನ್ನೊಂದರಿಂದ ನಾಲ್ಕರವರೆಗೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪ್ರವಾಸಿ ಬಸ್ಸುಗಳೆಲ್ಲ ಅದೇ ಹೊತ್ತಿಗೆ ಬರುತ್ತವೆ. ದಕ್ಷಿಣದ ಬಾಗಿಲಿಂದ ಒಳಹೋಗುವ ಸಾನ್ ಜೊವಾನ್ನಿ ಬೀದಿ ಜಾತ್ರೆಯಾಗಿಬಿಡುತ್ತದೆ. ಅದನ್ನೇ ಕಂಡು ವಾಪಸಾದವರು “ಬರೀ ಅಂಗಡಿ” ಎಂದು ಬೇಸರದಿಂದ ಹೇಳುವುದನ್ನು ಕೇಳಿದ್ದೇನೆ. ಅವರು ನೋಡಬೇಕಾದ ಹೊತ್ತಿನಲ್ಲಿ ಊರನ್ನು ನೋಡಲಿಲ್ಲ. ಸಂಜೆ ಬಸ್ಸುಗಳು ಹೊರಟ ಮೇಲೆ ಚಿಸ್ತೆರ್ನಾ ಚೌಕದ ಬಾವಿಕಟ್ಟೆಯ ಮೆಟ್ಟಿಲ ಮೇಲೆ ಕೂತರೆ ಗೋಪುರಗಳ ನೆರಳು ಉದ್ದವಾಗುತ್ತ ಎದುರು ಮನೆಗಳನ್ನು ಹತ್ತುವುದು ಕಾಣುತ್ತದೆ. ಊರ ಹೆಂಗಸರು ಆಗ ಬಾಗಿಲ ಬಳಿ ಕುರ್ಚಿ ಹಾಕಿಕೊಳ್ಳುತ್ತಾರೆ. ಇಲ್ಲಿ ರಾತ್ರಿ ತಂಗುವಂತಿದ್ದರೆ ಮಾತ್ರ ಹೋಗಿ ಎನ್ನುವುದು ನನ್ನ ಖಂಡಿತ ಮಾತು.

ಮಾರನೆಯ ಬೆಳಗ್ಗೆ ಗುಂಪು ಬರುವ ಮುಂಚೆ ದೊಡ್ಡ ಚರ್ಚಿಗೆ ಹೋಗಿ. ಎರಡೂ ಪಕ್ಕದ ಗೋಡೆಗಳ ತುಂಬ ಬೈಬಲ್ಲಿನ ಕಥೆಗಳ ಭಿತ್ತಿಚಿತ್ರಗಳಿವೆ, ಒಂದು ಕಡೆ ಹಳೆಯ ಒಡಂಬಡಿಕೆ, ಎದುರಿಗೆ ಹೊಸದು. ಅಕ್ಷರ ಬಾರದವರಿಗೆ ಗೋಡೆಯ ಮೇಲೆ ಕಥೆ ಹೇಳುವುದು ಲೇಪಾಕ್ಷಿ, ಹಂಪಿಯ ಛಾವಣಿಗಳನ್ನು ಕಂಡ ನಮಗೆ ಹೊಸತಲ್ಲವಲ್ಲ. ಪುರಸಭೆಯ 54 ಮೀಟರಿನ ತೋರ್ರೆ ಗ್ರೋಸ್ಸಾ ಗೋಪುರವನ್ನು ಹತ್ತಬಹುದು. ಪಕ್ಕದ ಸಭಾಂಗಣಕ್ಕೆ ಕವಿ ದಾಂತೆಯ ಹೆಸರಿದೆ. 1300ರಲ್ಲಿ ಅವನು ಫ್ಲಾರೆನ್ಸಿನ ರಾಯಭಾರಿಯಾಗಿ ಇಲ್ಲಿಗೆ ಬಂದಿದ್ದ.

ತೊಡಕುಗಳು ಎರಡು. ಊರು ಪೂರಾ ಏರು ಇಳಿಜಾರು, ಕಲ್ಲುಹಾಸು. ಮತ್ತೆ ರೈಲು ನಿಲ್ದಾಣವಿಲ್ಲ. ಪೊಜ್ಜಿಬೊನ್ಸಿವರೆಗೆ ರೈಲು ಅಥವಾ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ಭಾನುವಾರ ಬಸ್ಸು ಬಲು ವಿರಳ. ಒಂದು ಭಾನುವಾರ ಪೊಜ್ಜಿಬೊನ್ಸಿಯಲ್ಲಿ ಒಂದೂವರೆ ಗಂಟೆ ಬಿಸಿಲಲ್ಲಿ ಕಾದಿದ್ದೇನೆ. ಸೂಟ್‌ಕೇಸ್ ಎಳೆದುಕೊಂಡು ಬರುವ ಹಿರಿಯರಿಗೆ ಇದನ್ನು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಮೊಂತೆರಿಜ್ಜೋನಿ

ಗುಡ್ಡದ ತುದಿಯಲ್ಲಿ ಕಿರೀಟ ಇಟ್ಟಂತೆ ಒಂದು ಗೋಡೆ, ಅದರಲ್ಲಿ 14 ಬುರುಜುಗಳು. ದಾಂತೆ ತನ್ನ ಕಾವ್ಯದ ನರಕ ಭಾಗದಲ್ಲಿ ಕತ್ತಲಲ್ಲಿ ನಿಂತ ದೈತ್ಯರನ್ನು ಇದೇ ಬುರುಜುಗಳಿಗೆ ಹೋಲಿಸಿದ್ದಾನೆ. 13ನೇ ಶತಮಾನದ ಆರಂಭದಲ್ಲಿ ಸಿಯೆನಾ ನಗರದವರು ಫ್ಲಾರೆನ್ಸಿನ ಮೇಲೆ ಕಣ್ಣಿಡಲು ಕಟ್ಟಿದ್ದು. ಸುತ್ತಳತೆ 570 ಮೀಟರ್ ಅಷ್ಟೇ, ಒಂದು ಬಾಗಿಲಿಂದ ಹೊಕ್ಕು ಇನ್ನೊಂದರಿಂದ ಹೊರಬೀಳಲು ಐದು ನಿಮಿಷ ಸಾಕು. ಗೋಡೆಯ ಮೇಲೆ ಸ್ವಲ್ಪ ದೂರ ಟಿಕೆಟ್ ಪಡೆದು ನಡೆಯಬಹುದು. ಗೋಡೆಯನ್ನು ಫಿರಂಗಿಯೂ ಒಡೆಯಬೇಕಾಗಲಿಲ್ಲ. 1554ರಲ್ಲಿ ಕಾವಲಿನ ದಳಪತಿಯೇ ಶತ್ರುವಿಗೆ ಒಪ್ಪಿಸಿಬಿಟ್ಟ.

ಸಿಯೆನಾದಲ್ಲಿ ಉಳಿದವರು ಬಸ್ಸಿನಲ್ಲಿ ಬಂದು ಎರಡು ಗಂಟೆ ಕಳೆದು ಹೋಗಲು ಸೊಗಸಾದ ಜಾಗ. ಎರಡು ದಿನಕ್ಕೆ ಇಲ್ಲಿ ವಿಷಯವಿಲ್ಲ. ನಡೆಯುವ ಹವ್ಯಾಸದವರಿಗೆ ಮಾತ್ರ ಬೇರೆ ಮಾತು. ಸಾನ್ ಜಿಮಿನ್ಯಾನೋದಿಂದ ಮೊಂತೆರಿಜ್ಜೋನಿಗೆ ಸುಮಾರು 30 ಕಿಲೋಮೀಟರ್, ಅಲ್ಲಿಂದ ಸಿಯೆನಾಕ್ಕೆ ಸುಮಾರು 20. ಹಳೆಯ ಯಾತ್ರಿಕರ ಹಾದಿಯಲ್ಲಿ ಒಂದೊಂದು ದಿನದ ನಡಿಗೆ. ದೂರದಿಂದ ಕಾಣುವ ಕಿರೀಟ ಹತ್ತಿರವಾಗುತ್ತ ಬರುವುದನ್ನು ಕಾಲ್ನಡಿಗೆಯಲ್ಲಿ ನೋಡಿದವರಿಗೇ ಈ ಊರು ಪೂರ್ತಿ ದಕ್ಕುವುದು.

ಚಿತ್ತದೆಲ್ಲಾ: ಗೋಡೆಗೆಂದೇ ಹೋಗುವವರಿಗೆ

ವೆನಿಸ್ ಕಡೆಯಿಂದ ಬರುವವರಿಗೆ ಇದು ಹತ್ತಿರ. 1220ರಲ್ಲಿ ಪದುವಾ ನಗರದವರು ತಮ್ಮ ಗಡಿಗೆ ಕಟ್ಟಿದ ಕಾವಲೂರು. ಎದುರಾಳಿ ತ್ರೆವೀಸೊದವರು ಅದಾಗಲೇ ಹತ್ತಿರದಲ್ಲಿ ಕಾಸ್ತೆಲ್‌ಫ್ರಾಂಕೊ ಕಟ್ಟಿಕೊಂಡಿದ್ದರು. ಗೋಡೆ 1461 ಮೀಟರ್, ಹೆಚ್ಚುಕಡಿಮೆ ದುಂಡಗೆ, ಸುತ್ತ ನೀರು ನಿಂತ ಕಂದಕ. ನಾಲ್ಕು ದಿಕ್ಕಿಗೆ ನಾಲ್ಕು ಹೆಬ್ಬಾಗಿಲು, ಆಯಾ ದಾರಿ ಹೋಗುವ ಊರಿನದೇ ಹೆಸರು: ಪದುವಾ, ವಿಚೆಂಜಾ, ಬಸ್ಸಾನೊ, ತ್ರೆವೀಸೊ. ವರ್ಷಗಟ್ಟಲೆ ದುರಸ್ತಿ ಮಾಡಿ 2013ರಲ್ಲಿ ಗೋಡೆಯ ಮೇಲಿನ ಹಾದಿಯನ್ನು ಪೂರ್ತಿ ತೆರೆದರು. ಸುಮಾರು 15 ಮೀಟರ್ ಎತ್ತರದಲ್ಲಿ ಒಂದಿಡೀ ಸುತ್ತು ಬರಬಹುದು. ಮಧ್ಯಯುಗದ ಗೋಡೆಯನ್ನು ಹೀಗೆ ಪೂರಾ ಸುತ್ತುವ ಅವಕಾಶ ಯುರೋಪಿನಲ್ಲೇ ಕಡಿಮೆ. ಹಾದಿ ಕಿರಿದು, ಮೆಟ್ಟಿಲುಗಳುಂಟು, ಎತ್ತರದ ಭಯವಿದ್ದವರು ಯೋಚಿಸಬೇಕು. ಪದುವಾ ಬಾಗಿಲ ಪಕ್ಕದ ಮಾಲ್ತಾ ಗೋಪುರವನ್ನು 1251ರಲ್ಲಿ ಸರ್ವಾಧಿಕಾರಿ ಎಜ್ಜೆಲೀನೊ ಸೆರೆಮನೆಯಾಗಿ ಕಟ್ಟಿಸಿದ.

ಇಲ್ಲಿ ನನಗೆ ಬೇರೊಬ್ಬ ನೆನಪಾಗುತ್ತಾನೆ. 15ನೇ ಶತಮಾನದಲ್ಲಿ ವಿಜಯನಗರವನ್ನು ಕಂಡು ಹೋದ ನಿಕೊಲೊ ದೆ ಕೊಂತಿ ಇದೇ ವೆನೆತೊ ಸೀಮೆಯ, ಕಡಲ ದಂಡೆಯ ಕಿಯೋಜ್ಜಾದವನು. ನಗರದ ಸುತ್ತಳತೆ 60 ಮೈಲಿ, ಗೋಡೆಗಳು ಬೆಟ್ಟಗಳವರೆಗೂ ಹಬ್ಬಿವೆ ಎಂದು ಅವನು ಹೇಳಿದ್ದು ಬರಹದಲ್ಲಿ ಉಳಿದಿದೆ. ಚಿತ್ತದೆಲ್ಲಾದಂಥ ಗೋಡೆಗಳ ನಾಡಿನಲ್ಲಿ ಬೆಳೆದವನ ಕಣ್ಣಿಗೆ ಹಂಪಿಯ ಆ ಸುತ್ತುಗೋಡೆಗಳು ಹೇಗೆ ಕಂಡಿರಬೇಕು! ಚಿತ್ತದೆಲ್ಲಾದ ಹಾದಿಯ ಮೇಲೆ ನಡೆದರೆ ಆ ಅಂದಾಜು ಸಿಗುತ್ತದೆ.

ಗೋಡೆ ಬಿಟ್ಟರೆ ಒಳಗಿನ ಊರು ಸಾಧಾರಣ. ಅಚ್ಚುಕಟ್ಟಾದ ನೇರ ಬೀದಿಗಳು, ಒಂದು ಚೌಕ, ಊರಿನವರದೇ ಅಂಗಡಿಗಳು. ಪದುವಾದಿಂದ ರೈಲಿನಲ್ಲಿ ಸುಮಾರು 40 ನಿಮಿಷ, ಅರ್ಧ ದಿನ ಸಾಕು. ಉಳಿದರ್ಧ ದಿನಕ್ಕೆ ಕಾಸ್ತೆಲ್‌ಫ್ರಾಂಕೊಗೆ ಹೋದರೆ ಅಲ್ಲಿನ ಚರ್ಚಿನಲ್ಲಿ ಜೊರ್ಜೋನೆ ಬರೆದ ಚಿತ್ರವಿದೆ. ಅವನು ಆ ಊರಿನ ಮಗ.

ಇದೇ ಸೀಮೆಯಾಚೆ ನಕ್ಷತ್ರದಾಕಾರದ ಪಾಲ್ಮನೋವಾ ಇದೆ, 1593ರಲ್ಲಿ ವೆನಿಸ್ ಕಟ್ಟಿದ್ದು. ಆಕಾಶದಿಂದ ತೆಗೆದ ಚಿತ್ರ ನೋಡಿ ಆಸೆಪಟ್ಟು ಹೋಗಬೇಡಿ. ನೆಲದಲ್ಲಿ ನಿಂತವರಿಗೆ ಆ ನಕ್ಷತ್ರ ಕಾಣುವುದಿಲ್ಲ.

ಬೆರ್ಗಾಮೊ: ಮಿಲಾನಿನ ಮಗ್ಗುಲಲ್ಲಿ

ಲುಕ್ಕಾಗೆ ನಿಜವಾದ ಪೈಪೋಟಿ ಇದೊಂದೇ. ಬೆರ್ಗಾಮೊ ಎರಡು ಊರು, ಕೆಳಗೆ ಹೊಸದು, ಗುಡ್ಡದ ಮೇಲೆ ಗೋಡೆಯೊಳಗಿನ ಹಳೆಯದು. ಹಳೆಯದನ್ನು ಚಿತ್ತಾ ಆಲ್ತಾ ಎನ್ನುತ್ತಾರೆ. 1887ರಿಂದ ಓಡುತ್ತಿರುವ ಹಗ್ಗದ ರೈಲು ನಿಮ್ಮನ್ನು ಮೇಲಕ್ಕೆ ಒಯ್ಯುತ್ತದೆ. ಗೋಡೆ 6 ಕಿಲೋಮೀಟರಿಗೂ ಉದ್ದ. 1561ರಲ್ಲಿ ವೆನಿಸ್ ಆಳರಸರು ಕಟ್ಟಲು ಶುರುಮಾಡಿದಾಗ ದಾರಿಗೆ ಅಡ್ಡ ಬಂದ ನೂರಾರು ಮನೆಗಳನ್ನು, ಊರಿನ ಹಳೆಯ ಕ್ಯಾಥೆಡ್ರಲ್ಲನ್ನೂ ಕೆಡವಿಸಿದರು. ಇಲ್ಲಿಗೂ ಮುತ್ತಿಗೆ ಬರಲಿಲ್ಲ. 2017ರಲ್ಲಿ ವೆನಿಸಿನ ಇತರ ಕೋಟೆಗಳ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿತು. ಬಾಗಿಲ ಮೇಲೆ ವೆನಿಸಿನ ಗುರುತಾದ ರೆಕ್ಕೆಯ ಸಿಂಹ ಕೂತಿದೆ.

ಸಂಜೆ ಸಾನ್ ಜಾಕೊಮೊ ಬಾಗಿಲ ಬಳಿ ಗೋಡೆಗೆ ಒರಗಿ ನಿಂತರೆ ಕೆಳಗೆ ಬಯಲು, ದೂರದವರೆಗೆ ದೀಪಗಳು. ಲುಕ್ಕಾದ ಗೋಡೆಗೆ ಈ ನೋಟವಿಲ್ಲ. ರಾತ್ರಿ ಹತ್ತಕ್ಕೆ ಊರಿನ ದೊಡ್ಡ ಗಂಟೆ ನೂರು ಸಲ ಬಾರಿಸುತ್ತದೆ. ಹಿಂದೆ ಕೋಟೆ ಬಾಗಿಲು ಹಾಕುವ ಹೊತ್ತು ಅದು. ಬಾಗಿಲು ಹಾಕುವ ಕೆಲಸ ನಿಂತು ಎಷ್ಟೋ ಕಾಲವಾಯಿತು, ಗಂಟೆ ನಿಂತಿಲ್ಲ. ಚೌಕದಲ್ಲಿ ನಿಂತು ಆ ನೂರನ್ನೂ ಎಣಿಸಿ. ಸಾಂತಾ ಮರಿಯಾ ಮಜ್ಜೋರೆ ಚರ್ಚಿನ ಒಳಗೆ ಲೊರೆಂಜೊ ಲೊತ್ತೊ ಬರೆದುಕೊಟ್ಟ ವಿನ್ಯಾಸಗಳನ್ನು ಬಣ್ಣಬಣ್ಣದ ಮರದ ತುಂಡು ಕೂರಿಸಿ ಮಾಡಿದ ಹಲಗೆಗಳಿವೆ. ಮೈಸೂರಿನ ಮರದ ಕುಸುರಿ ಬಲ್ಲವರು ಇದರ ಮುಂದಿನಿಂದ ಬೇಗ ಕದಲಲಾರರು.

ಮಿಲಾನಿನಿಂದ ರೈಲಿನಲ್ಲಿ ಸುಮಾರು 50 ನಿಮಿಷ. ಓರಿಯೊ ವಿಮಾನ ನಿಲ್ದಾಣವಂತೂ 5 ಕಿಲೋಮೀಟರ್ ದೂರ. ಅಲ್ಲಿಂದಲೇ ವಿಮಾನವಿದ್ದರೆ ಬೇರೆ ಯೋಚನೆಯೇ ಬೇಡ, ಬೆರ್ಗಾಮೊ. ಆದರೆ ಹಗ್ಗದ ರೈಲು ಇಳಿದ ಮೇಲೂ ಊರೊಳಗೆ ಏರಿಕೆ ಇದೆ, ಗುಂಡುಕಲ್ಲು ಹಾಸಿದ ಬೀದಿಗಳಿವೆ. ಗೋಡೆಯ ಮೇಲಿನ ಹಾದಿಯಲ್ಲಿ ಕೆಲವು ಕಡೆ ವಾಹನಗಳೂ ಓಡಾಡುತ್ತವೆ, ಲುಕ್ಕಾದ ನಿಶ್ಚಿಂತೆ ಅಲ್ಲಿ ಸಿಗದು.

ಊಟದ ಮಾತು

ಮಾಂಸ ತಿನ್ನದವರಿಗೆ ಈ ವಿಷಯದಲ್ಲೂ ಲುಕ್ಕಾ ಒಂದು ಹೆಜ್ಜೆ ಮುಂದೆ. ಅಲ್ಲಿ ಚೆಚೀನಾ ಎಂಬುದು ಸಿಗುತ್ತದೆ: ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ ದೊಡ್ಡ ತಟ್ಟೆಯಲ್ಲಿ ಹುಯ್ದು ಒಲೆಯಲ್ಲಿ ಬೇಯಿಸಿದ್ದು. ಪಿಜ್ಜಾ ಅಂಗಡಿಗಳಲ್ಲಿ ಬಿಸಿಯಾಗಿ ಕತ್ತರಿಸಿ ಕೊಡುತ್ತಾರೆ, ಮೇಲೆ ಕರಿಮೆಣಸಿನ ಪುಡಿ ಉದುರಿಸಿಕೊಳ್ಳಿ. ಅಮ್ಮ ಮೊದಲ ತುತ್ತಿಗೇ “ಇದು ನಮ್ಮದೇ ಅಲ್ವೇನೇ” ಎಂದರು. ಬುಚ್ಚೆಲ್ಲಾತೊ ಎಂಬ ದ್ರಾಕ್ಷಿ, ಸೋಂಪಿನ ಸಿಹಿ ಬ್ರೆಡ್ ಕಾಫಿಗೆ ಚೆನ್ನ. ಫಾರ್ರೊ ಎಂಬ ಹಳೆಯ ತಳಿಯ ಗೋಧಿ, ಅವರೆಯಂಥ ಕಾಳು ಹಾಕಿದ ಸಾರು ನೋಡಲು ಸಸ್ಯಾಹಾರದಂತಿದ್ದರೂ ಹಂದಿ ಕೊಬ್ಬು ಬಿದ್ದಿರುವುದುಂಟು, ಕೇಳಿಯೇ ತರಿಸಿ. ತೊರ್ದೆಲ್ಲಿ ಎಂಬ ಕಡುಬಿನಾಕಾರದ ಪಾಸ್ತಾದಲ್ಲಿ ಮಾಂಸವೇ ಹೂರಣ. ಸಿಯೆನಾ ಸೀಮೆಯಲ್ಲಿ ಪೀಚಿ ಎಂಬ ದಪ್ಪ ಶಾವಿಗೆಯಂಥ ಪಾಸ್ತಾವನ್ನು ಬೆಳ್ಳುಳ್ಳಿ, ಟೊಮೆಟೊ ಗೊಜ್ಜಿನೊಂದಿಗೆ ಕೊಡುತ್ತಾರೆ, ಅದು ನಿಶ್ಚಿಂತೆ. ಬೆರ್ಗಾಮೊದಲ್ಲಿ ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ಸಿಗುತ್ತದೆ, ಅದಕ್ಕೆ ಬಕ್‌ವೀಟ್ ಎಂಬ ಕಾಳಿನ ಹಿಟ್ಟು ಮತ್ತು ಚೀಸ್ ಸೇರಿಸಿ ತೊಳೆಸಿದ ಬಗೆಯೂ ಇದೆ. ಮುದ್ದೆ ಉಂಡ ಬಾಯಿಗೆ ಹಿಡಿಸುತ್ತದೆ.

ಎರಡು ಮಾತು ಬಾಯಿಪಾಠ ಮಾಡಿಕೊಳ್ಳಿ. ಸೆನ್ಸಾ ಕಾರ್ನೆ ಎಂದರೆ ಮಾಂಸವಿಲ್ಲದೆ. ಬ್ರೋದೊ ಎಂದರೆ ಸಾರಿನ ಕಟ್ಟು, ಅದು ಮಾಂಸದ್ದೋ ಅಲ್ಲವೋ ಎಂದು ಕೇಳಿ ತಿಳಿಯಬೇಕು. ಮಧ್ಯಾಹ್ನ ಎರಡೂವರೆಗೆ ಅಡುಗೆಮನೆ ಮುಚ್ಚಿದರೆ ತೆರೆಯುವುದು ಏಳಕ್ಕೋ ಏಳೂವರೆಗೋ. ನಾಲ್ಕು ಗಂಟೆಗೆ ಹಸಿದರೆ ಪಿಜ್ಜಾ ತುಂಡೇ ಗತಿ. ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಉಪ್ಪಿನಕಾಯಿ ಬಾಟಲಿ ಜೊತೆಗಿದ್ದರೆ ಒಳ್ಳೆಯದು.

ಹೊರಡುವ ಮುನ್ನ

ಕಾರು ಹಿಡಿಯುವವರು ಒಂದು ವಿಷಯ ತಿಳಿದಿರಬೇಕು. ಈ ಹಳೆಯೂರುಗಳ ಒಳಗೆ ಹೊರಗಿನ ವಾಹನಗಳಿಗೆ ಪ್ರವೇಶ ನಿರ್ಬಂಧವಿದೆ, ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ದಂಡದ ಕಾಗದ ತಿಂಗಳುಗಳಾದ ಮೇಲೆ ಬರುತ್ತದೆ. ಗೋಡೆಯ ಹೊರಗೆ ನಿಲ್ಲಿಸಿ ನಡೆದು ಹೋಗುವುದೇ ಸರಿ. ರೈಲಿನವರು ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಮರೆತರೆ ಟಿಕೆಟ್ ಇದ್ದೂ ದಂಡ.

ಲುಕ್ಕಾಗೆ ಅಕ್ಟೋಬರ್ ಕೊನೆ, ನವೆಂಬರ್ ಮೊದಲಲ್ಲಿ ಹೋಗಬೇಡಿ. ಕಾಮಿಕ್ಸ್ ಉತ್ಸವಕ್ಕೆ ಲಕ್ಷಾಂತರ ಜನ ಸೇರುತ್ತಾರೆ, ಕೋಣೆ ಸಿಗುವುದಿಲ್ಲ. ಸೆಪ್ಟೆಂಬರ್ 13ರ ರಾತ್ರಿ ಸಿಗುವಂತಿದ್ದರೆ ಮಾತ್ರ ಹೇಗಾದರೂ ಹೊಂದಿಸಿಕೊಳ್ಳಿ. ಅಂದು ಊರ ಬೀದಿಗಳ ಮನೆ ಮುಂಗೋಡೆಗಳಿಗೆಲ್ಲ ಸಾಲುದೀಪ ಹಚ್ಚಿ ಮೆರವಣಿಗೆ ಹೊರಡುತ್ತದೆ.

ಚಿಕ್ಕಮ್ಮನಿಗೆ ಮತ್ತೆ ಫೋನ್ ಮಾಡಿದೆ. ಅವರ ವಿಮಾನ ಮಿಲಾನಿನ ಮಾಲ್ಪೆನ್ಸಾ ನಿಲ್ದಾಣದಿಂದ, ರಾತ್ರಿ ಹೊತ್ತು. ಬೆಳಗ್ಗೆ ಬೇಗ ಲುಕ್ಕಾ ಬಿಟ್ಟರೆ ಫ್ಲಾರೆನ್ಸಿಗೆ ಒಂದು ಗಂಟೆ ಇಪ್ಪತ್ತು ನಿಮಿಷ, ಅಲ್ಲಿಂದ ವೇಗದ ರೈಲಿನಲ್ಲಿ ಮಿಲಾನಿಗೆ ಸುಮಾರು ಎರಡು ಗಂಟೆ, ಮುಂದೆ ವಿಮಾನ ನಿಲ್ದಾಣಕ್ಕೆ ಇನ್ನೊಂದು ಗಂಟೆ. ಹಗಲು ಪೂರ್ತಿ ಕೈಯಲ್ಲಿದೆ, ಆಗುತ್ತದೆ. ವಿಮಾನ ಮಧ್ಯಾಹ್ನದ್ದಾಗಿದ್ದರೆ ನಾನೇ ಅವರನ್ನು ಬೆರ್ಗಾಮೊಗೆ ಕಳಿಸುತ್ತಿದ್ದೆ. ಕೋಣೆಯನ್ನು ಗೋಡೆಯೊಳಗೇ, ಸಾನ್ ಪಿಯೆತ್ರೊ ಬಾಗಿಲ ಹತ್ತಿರ ನೋಡಿದ್ದೇವೆ. ನಿಲ್ದಾಣದಿಂದ ಹೊರಬಂದು ಎಡಕ್ಕೆ ತಿರುಗಿದರೆ ಆ ಬಾಗಿಲಿಗೆ ಕೆಲವೇ ನಿಮಿಷದ ದಾರಿ, ಸೂಟ್‌ಕೇಸ್ ಉರುಳಿಸಿಕೊಂಡೇ ಹೋಗಬಹುದು. ನಿಲ್ದಾಣದ ಎದುರಿಗೇ ಕೊತ್ತಲದೊಳಗಿಂದ ಹಾಯುವ ದಿಡ್ಡಿ ಬಾಗಿಲೂ ಒಂದಿದೆ, ಅದರ ಮೆಟ್ಟಿಲು ಹತ್ತಿದರೆ ನೇರ ಗೋಡೆಯ ಮೇಲಕ್ಕೆ. ಲಗೇಜು ಇಟ್ಟು ಬಂದ ಮೇಲೆ ಚಿಕ್ಕಮ್ಮ ಆ ದಾರಿಯಲ್ಲಿ ಹತ್ತಲಿ. ಚಿಕ್ಕಪ್ಪ ಇಳಿಜಾರಿನಲ್ಲಿ ನಿಧಾನಕ್ಕೆ ಬರಲಿ, ಮೇಲೆ ಮರದ ಕೆಳಗೆ ಬೆಂಚುಗಳಿವೆ.